ಮುಳುಗಿದ ಕಂಪನಿಯ ಲೆಕ್ಕ: ಒಂದು ವಕೀಲಿ ವೃತ್ತಿಯ ಪರಿಚಯ

(ಶತಮಾನೋತ್ಸವದ ವೃತ್ತಿ ಮಾರ್ಗದರ್ಶನ ಮಾಲಿಕೆಯಲ್ಲಿ ಮುಖ್ಯಾಧ್ಯಾಪಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಈ ಮಾಲಿಕೆಯಲ್ಲಿ ವೈದ್ಯಕೀಯ, ಎಂಜಿನಿಯರಿಂಗ್, ಸೈನ್ಯ, ಶಿಕ್ಷಕ ವೃತ್ತಿ ಇವುಗಳನ್ನು ಕುರಿತು ಬಲ್ಲವರು ಈಗಾಗಲೇ ಮಾತನಾಡಿದ್ದಾರೆ. ನಾವು ಇಂದು ಆರಿಸಿಕೊಂಡಿರುವ ವಿಷಯ ಕೆಲವರಿಗೆ ಅಮಂಗಳವೆನಿಸೀತು. ಸಾಲದಲ್ಲಿ ಮುಳುಗಿದ ಕಂಪನಿಗಳ ವ್ಯವಹಾರವನ್ನು ಬಗೆಹರಿಸುವ ವಕೀಲರ ವೃತ್ತಿ ಅದು. ಶತಮಾನೋತ್ಸವದ ಮಂಟಪದಲ್ಲಿ ದಿವಾಳಿಯ ಮಾತೇಕೆ ಎಂದು ಸಮಿತಿಯ ಹಿರಿಯರೊಬ್ಬರು ನಗುತ್ತಲೇ ಕೇಳಿದರು. ಈ ಶಾಲೆಯ ಬೆಂಚಿನ ಮೇಲೆ ಕುಳಿತು ಕಲಿತ ಒಬ್ಬರು ಇಂದು ಮುಂಬಯಿಯಲ್ಲಿ ಇದೇ ವೃತ್ತಿಯನ್ನು ನಡೆಸುತ್ತಿದ್ದಾರೆ ಎಂಬುದು ನಮ್ಮ ಮೊದಲ ಉತ್ತರ. ಹೆಸರು ಹೇಳಬಾರದೆಂದು ಅವರು ಕೇಳಿಕೊಂಡಿದ್ದಾರೆ. ಅವರು ತಿಳಿಸಿದ್ದನ್ನೂ ನಾವು ಓದಿ ಅರಿತದ್ದನ್ನೂ ಕೂಡಿಸಿ ತಮ್ಮ ಮುಂದೆ ಇಡುತ್ತೇವೆ. ಎರಡನೆಯ ಉತ್ತರ ನಮ್ಮ ಸೊಲ್ಲಾಪುರದ ಇತಿಹಾಸದಲ್ಲಿಯೇ ಇದೆ.

‘ದಿವಾಳಿ ಎದ್ದವ’, ‘ಪಾಪರ್ ಚೀಟಿ ತೆಗೆದುಕೊಂಡವ’ ಎಂಬ ಮಾತುಗಳು ನಮ್ಮ ಊರುಗಳಲ್ಲಿ ಬೈಗುಳಕ್ಕೆ ಸಮಾನ. ಅಂಥ ಮನೆತನಕ್ಕೆ ಹೆಣ್ಣು ಕೊಡಲು ಜನ ಹಿಂಜರಿಯುತ್ತಾರೆ. ಸಾಲವನ್ನು ಪಾಪದೊಡನೆ ಬೆಸೆದು ನೋಡುವ ಈ ರೂಢಿಗೆ ಅದರದೇ ಕಾರಣಗಳಿರಬಹುದು. ಆದರೆ ಕಂಪನಿಯೆಂಬುದು ಕಾನೂನು ಹುಟ್ಟಿಸಿದ ವ್ಯಕ್ತಿ. ಅದಕ್ಕೆ ಮಾನವೂ ಇಲ್ಲ, ಅವಮಾನವೂ ಇಲ್ಲ. ಅದು ಮುಳುಗಿದಾಗ ಉಸಿರು ಕಟ್ಟುವುದು ಅದನ್ನು ನೆಚ್ಚಿಕೊಂಡವರಿಗೆ: ಕಾರ್ಮಿಕರು, ನೂಲು ಒದಗಿಸಿದ ವ್ಯಾಪಾರಿ, ಠೇವಣಿಯ ಹಣವನ್ನು ಸಾಲವಾಗಿ ಕೊಟ್ಟ ಬ್ಯಾಂಕು, ಬಾಡಿಗೆ ಬರಬೇಕಾದ ಗೋದಾಮಿನವನು. ಇರುವ ಹಣ ಎಲ್ಲರಿಗೂ ಸಾಲದು. ಹಾಗಿರುವಾಗ ಯಾರಿಗೆ ಮೊದಲು, ಯಾರಿಗೆ ಎಷ್ಟು, ಯಾರಿಗೆ ಇಲ್ಲ ಎಂಬುದನ್ನು ಜಗಳವಿಲ್ಲದೆ ತೀರ್ಮಾನಿಸುವುದು ಈ ಕಾನೂನಿನ ಹುರುಳು.

ಸೊಲ್ಲಾಪುರದಲ್ಲಿ ‘ಜುನಿ ಮಿಲ್ಲು’ ಎಂದು ಹಿರಿಯರು ಇಂದಿಗೂ ಕರೆಯುವ ಸೊಲ್ಲಾಪುರ ನೂಲುವ ಮತ್ತು ನೇಯುವ ಕಂಪನಿ 1874ರಲ್ಲಿ ಸ್ಥಾಪನೆಯಾಯಿತು. 1949ರ ಆಗಸ್ಟಿನಲ್ಲಿ ಆಡಳಿತ ಮಂಡಳಿ ಗಿರಣಿಯನ್ನು ಮುಚ್ಚಿತು. ದುರಾಡಳಿತದಿಂದ ಬಟ್ಟೆಯ ಉತ್ಪಾದನೆ ಕುಂಠಿತವಾಗಿದೆ, ಕಾರ್ಮಿಕರು ನಿರುದ್ಯೋಗಿಗಳಾಗಿದ್ದಾರೆ ಎಂಬ ಕಾರಣ ಕೊಟ್ಟು ಕೇಂದ್ರ ಸರಕಾರ 1950ರ ಜನವರಿಯಲ್ಲಿ ಈ ಒಂದೇ ಕಂಪನಿಗಾಗಿ ಸುಗ್ರೀವಾಜ್ಞೆ ಹೊರಡಿಸಿ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಸಂವಿಧಾನ ಜಾರಿಗೆ ಬರಲು ಆಗ ಕೆಲವೇ ದಿನಗಳಿದ್ದವು. ಒಂದೇ ಕಂಪನಿಗೆ ಅನ್ವಯಿಸುವ ಕಾನೂನು ಸಮಾನತೆಯ ತತ್ತ್ವಕ್ಕೆ ವಿರುದ್ಧವಲ್ಲವೇ ಎಂದು ಚಿರಂಜಿತ್ ಲಾಲ್ ಚೌಧರಿ ಎಂಬ ಷೇರುದಾರರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಅರ್ಜಿಯನ್ನು ತಳ್ಳಿಹಾಕಿದರು, ಇಬ್ಬರು ಭಿನ್ನಮತ ಬರೆದರು. ಮೂರು ವರ್ಷಗಳ ತರುವಾಯ, 1953ರ ಡಿಸೆಂಬರಿನಲ್ಲಿ, ದ್ವಾರಕಾದಾಸ ಶ್ರೀನಿವಾಸ ಎಂಬ ಇನ್ನೊಬ್ಬ ಷೇರುದಾರರ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಪರಿಹಾರ ಕೊಡದೆ ಆಸ್ತಿಯನ್ನು ವಶಪಡಿಸಿಕೊಂಡಂತಾಯಿತು ಎಂದು ಆ ಸುಗ್ರೀವಾಜ್ಞೆಯನ್ನು ಅಸಿಂಧುಗೊಳಿಸಿತು. ದೇಶದ ಯಾವ ಕಾನೂನು ಕಾಲೇಜಿಗೆ ಹೋದರೂ ಸಂವಿಧಾನದ ಪಾಠದಲ್ಲಿ ‘ಶೋಲಾಪುರ ಮಿಲ್ ಪ್ರಕರಣ’ ಬರುತ್ತದೆ. ನಮ್ಮ ಈ ಹಳೆಯ ವಿದ್ಯಾರ್ಥಿ ಕಾನೂನು ತರಗತಿಯಲ್ಲಿ ಅದನ್ನು ಓದಿದಾಗ, ತಮ್ಮ ಓಣಿಯ ಹೆಸರನ್ನು ಸಂವಿಧಾನದ ಪುಸ್ತಕದಲ್ಲಿ ಕಂಡಷ್ಟು ಬೆರಗಾಯಿತಂತೆ. ಷೇರುದಾರರ ಹೆಸರು ಎರಡೂ ತೀರ್ಪುಗಳ ತಲೆಬರಹದಲ್ಲಿದೆ, ಕಾರ್ಮಿಕರ ಹೆಸರು ಒಂದರಲ್ಲಿಯೂ ಇಲ್ಲ ಎಂಬುದನ್ನು ಅವರು ನಮ್ಮ ಗಮನಕ್ಕೆ ತಂದರು.

ಮುಂದೆ 1985ರಲ್ಲಿ ರೋಗಗ್ರಸ್ತ ಕೈಗಾರಿಕೆಗಳ ಕಾಯಿದೆ ಬಂದಿತು, ಅದರಡಿ ಒಂದು ಮಂಡಳಿಯೂ ರಚನೆಯಾಯಿತು. ರೋಗಿ ಬದುಕಲೂ ಇಲ್ಲ, ಸಾಯಲೂ ಇಲ್ಲ ಎಂಬಂತೆ ಪ್ರಕರಣಗಳು ವರ್ಷಗಟ್ಟಲೆ ನೇತಾಡಿದವು. ಬ್ಯಾಂಕುಗಳ ಸಾಲ ವಸೂಲಿಗೆ 1993ರ ಕಾಯಿದೆಯಂತೆ ಬೇರೆ ನ್ಯಾಯಮಂಡಳಿಗಳು ಹುಟ್ಟಿಕೊಂಡವು. ನಮ್ಮ ವಕೀಲರು ವೃತ್ತಿ ಆರಂಭಿಸಿದ್ದು ಅಲ್ಲಿಯೇ. ಹಿರಿಯ ವಕೀಲರ ಕಚೇರಿಯಲ್ಲಿ ಕಡತ ಹೊರುವುದು, ತಾರೀಖು ಬರೆದುಕೊಳ್ಳುವುದು, ಮುಂದೂಡಿಕೆ ಕೇಳುವುದು. ಇಷ್ಟರಲ್ಲಿಯೇ ಮೊದಲ ಆರು ವರ್ಷಗಳು ಕಳೆದವು. ಕೈಗೆ ಬರುತ್ತಿದ್ದ ಹಣ ಲೋಕಲ್ ರೈಲಿನ ಪಾಸಿಗೂ ಊಟಕ್ಕೂ ಸರಿಹೋಗುತ್ತಿತ್ತು. ವಕೀಲಿಯ ಮೊದಲ ವರ್ಷಗಳು ಬರಗಾಲದ ವರ್ಷಗಳೆಂಬುದನ್ನು ಪಾಲಕರು ಈಗಲೇ ತಿಳಿದಿರುವುದು ಒಳ್ಳೆಯದು.

2016ರ ಮೇ ತಿಂಗಳಲ್ಲಿ ದಿವಾಳಿತನ ಮತ್ತು ಋಣಬಾಧೆ ಸಂಹಿತೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಕಂಪನಿಗಳಿಗೆ ಸಂಬಂಧಿಸಿದ ಭಾಗ ಅದೇ ವರ್ಷದ ಡಿಸೆಂಬರ್ 1ರಿಂದ ಜಾರಿಗೆ ಬಂದಿತು. ಸಾಲ ತೀರಿಸಲು ತಪ್ಪಿದ ಕಂಪನಿಯ ವಿರುದ್ಧ ಬ್ಯಾಂಕು ಇಲ್ಲವೆ ಸರಕು ಪೂರೈಸಿದವರು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಅರ್ಜಿ ಅಂಗೀಕಾರವಾದ ಕ್ಷಣದಿಂದ ಎಲ್ಲ ವಸೂಲಿ ದಾವೆಗಳಿಗೆ ತಡೆ. ಆಡಳಿತ ಮಂಡಳಿಯ ಅಧಿಕಾರ ಒಬ್ಬ ನೋಂದಾಯಿತ ವೃತ್ತಿಪರರ ಕೈಗೆ ಹೋಗುತ್ತದೆ. ಸಾಲ ಕೊಟ್ಟ ಬ್ಯಾಂಕುಗಳು ಮೊದಲಾದವರ ಸಮಿತಿ ಕೂಡುತ್ತದೆ. ಕಂಪನಿಯನ್ನು ಯಾರಾದರೂ ಕೊಂಡು ನಡೆಸುವರೇ ಎಂದು ಯೋಜನೆಗಳನ್ನು ಆಹ್ವಾನಿಸಿ, ನೂರಕ್ಕೆ 66 ಮತ ಬಂದರೆ ಒಪ್ಪುತ್ತದೆ. ಕಾನೂನು ಇಟ್ಟ ಗಡುವು 330 ದಿನ. ಯಾರೂ ಬಾರದಿದ್ದರೆ ಸಮಾಪನ, ಅಂದರೆ ಆಸ್ತಿಯನ್ನು ಮಾರಿ ಹಂಚುವುದು.

ಹಂಚಿಕೆ ಹೇಗೆ? ಇದು ಪ್ರಮಾಣದ ಲೆಕ್ಕ, ಎಂಟನೆಯ ತರಗತಿಯ ಮಕ್ಕಳೂ ಮಾಡಬಲ್ಲರು. ಒಂದು ಟವೆಲ್ ಕಾರ್ಖಾನೆಯನ್ನು ಊಹಿಸಿಕೊಳ್ಳಿ. ಮಾರಿದಾಗ ಬಂದದ್ದು 10 ಕೋಟಿ ರೂಪಾಯಿ. ಕಾರ್ಖಾನೆಯನ್ನು ಒತ್ತೆಯಿಟ್ಟುಕೊಂಡ ಬ್ಯಾಂಕಿಗೆ ಬರಬೇಕಾದದ್ದು 12 ಕೋಟಿ. ಕಾರ್ಮಿಕರ ಕೊನೆಯ 24 ತಿಂಗಳ ಬಾಕಿ 3 ಕೋಟಿ. ನೂಲಿನ ವ್ಯಾಪಾರಿಗಳದು 2 ಕೋಟಿ. ಪ್ರಕ್ರಿಯೆಯ ಖರ್ಚು 1 ಕೋಟಿ. ಖರ್ಚನ್ನು ಮೊದಲು ಕಳೆಯಬೇಕು. ಉಳಿದದ್ದು 9 ಕೋಟಿ. ಒತ್ತೆಯ ಹಕ್ಕನ್ನು ಬಿಟ್ಟುಕೊಟ್ಟು ಹಂಚಿಕೆಗೆ ಬಂದ ಬ್ಯಾಂಕೂ ಕಾರ್ಮಿಕರೂ ಒಂದೇ ಪಂಕ್ತಿಯಲ್ಲಿ ಕೂಡುತ್ತಾರೆ. ಇಬ್ಬರ ಹಕ್ಕು ಸೇರಿ 15 ಕೋಟಿ, ಆದ್ದರಿಂದ ರೂಪಾಯಿಗೆ 60 ಪೈಸೆ. ಬ್ಯಾಂಕಿಗೆ 7 ಕೋಟಿ 20 ಲಕ್ಷ, ಕಾರ್ಮಿಕರಿಗೆ 1 ಕೋಟಿ 80 ಲಕ್ಷ. ನೂಲಿನವರಿಗೆ ಒಂದು ಕಾಸೂ ಇಲ್ಲ, ಷೇರುದಾರರಿಗಂತೂ ಇಲ್ಲವೇ ಇಲ್ಲ. ಕಾರ್ಮಿಕರ ಭವಿಷ್ಯನಿಧಿ ಮತ್ತು ಗ್ರ್ಯಾಚುಯಿಟಿ ನಿಧಿಯ ಹಣ ಈ ರಾಶಿಗೆ ಸೇರುವುದೇ ಇಲ್ಲ. ಅದನ್ನು ಕಾನೂನು ಬೇರೆಯಾಗಿ ಕಾಯ್ದಿಟ್ಟಿದೆ.

ಅದೇ ಕಾರ್ಖಾನೆಯನ್ನು ‘15 ಕೋಟಿಗೆ ಕೊಂಡು ನಡೆಸುತ್ತೇನೆ’ ಎಂದು ಒಬ್ಬರು ಮುಂದೆ ಬಂದರೆ ಚಿತ್ರ ಬದಲಾಗುತ್ತದೆ. ಬ್ಯಾಂಕಿನ ನಷ್ಟ ತಗ್ಗುತ್ತದೆ, ನೂಲಿನವರ ಪಾಲಿಗೂ ಏನಾದರೂ ಉಳಿದೀತು, ಮಗ್ಗದ ಸದ್ದು ನಿಲ್ಲುವುದಿಲ್ಲ. ವಕೀಲರ ಬುದ್ಧಿ ಕೆಲಸ ಮಾಡುವುದು ಈ 10ಕ್ಕೂ 15ಕ್ಕೂ ನಡುವಿನ ಅಂತರದಲ್ಲಿ. ಯಾವ ಸಾಲಕ್ಕೆ ಎಷ್ಟು ಕಡಿತ, ಯಾವ ಕಂತಿಗೆ ಎಷ್ಟು ಕಾಲಾವಕಾಶ, ಯಾವ ಸಾಲವನ್ನು ಷೇರಾಗಿ ಪರಿವರ್ತಿಸಬೇಕು ಎಂಬುದನ್ನೆಲ್ಲ ಬರೆದು, ಒಪ್ಪದವರನ್ನು ಒಪ್ಪಿಸಿ, ನ್ಯಾಯಮಂಡಳಿಯ ಮುಂದೆ ನಿಲ್ಲಿಸಬೇಕು. ವಾದ ಮಾಡುವ ದಿನಗಳಿಗಿಂತ ಜಮಾಖರ್ಚಿನ ತಖ್ತೆಗಳನ್ನು ಓದುವ ರಾತ್ರಿಗಳೇ ಹೆಚ್ಚು ಎಂದು ಅವರು ಹೇಳುತ್ತಾರೆ.

ಎಲ್ಲವೂ ಸುಸೂತ್ರ ಎಂದು ನಾವು ಹೇಳಲಾರೆವು. ಕಂಪನಿಯನ್ನು ಮುಳುಗಿಸಿದ ಮಾಲೀಕರೇ ಹಿಂಬಾಗಿಲಿನಿಂದ ಬಂದು ಅಗ್ಗಕ್ಕೆ ಕೊಳ್ಳದಂತೆ 2017ರಲ್ಲಿಯೇ ತಿದ್ದುಪಡಿ ಮಾಡಬೇಕಾಯಿತು. ಎಸ್ಸಾರ್ ಸ್ಟೀಲ್ ಪ್ರಕರಣದಲ್ಲಿ ಆರ್ಸೆಲರ್ ಮಿತ್ತಲ್ ಕಂಪನಿ ಸುಮಾರು 42,000 ಕೋಟಿ ರೂಪಾಯಿ ಕೊಡಲು ಮುಂದಾದಾಗ, ಸರಕು ಪೂರೈಸಿದವರಿಗೂ ಬ್ಯಾಂಕುಗಳಿಗೂ ಸಮಪಾಲು ಎಂದು ಮೇಲ್ಮನವಿ ಮಂಡಳಿ ಹೇಳಿತ್ತು. 2019ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿ, ಹಂಚಿಕೆಯ ವಿವೇಚನೆ ಸಾಲದಾತರ ಸಮಿತಿಯದೇ ಎಂದಿತು. ಕಾನೂನಿನ ತರ್ಕ ನಮಗೆ ಅರ್ಥವಾಗುತ್ತದೆ. ಮನಸ್ಸು ಮಾತ್ರ ನೂಲಿನ ವ್ಯಾಪಾರಿಯ ಕಡೆಗೇ ವಾಲುತ್ತದೆ. 2020ರ ಮಾರ್ಚಿನಿಂದ ಬಾಕಿ 1 ಕೋಟಿಗೆ ಕಡಿಮೆಯಿದ್ದರೆ ಅರ್ಜಿ ಹಾಕುವಂತಿಲ್ಲ. ಮೊದಲು ಈ ಮಿತಿ 1 ಲಕ್ಷವಿತ್ತು. ನಮ್ಮ ಭಾಗದ ಸಣ್ಣ ಮಗ್ಗದವರಿಗೆ ಆ ಬಾಗಿಲು ಮುಚ್ಚಿದಂತೆಯೇ.

ಜೆಟ್ ಏರ್‌ವೇಸ್ ವಿಮಾನಗಳು 2019ರ ಏಪ್ರಿಲ್ 17ರಂದು ಹಾರಾಟ ನಿಲ್ಲಿಸಿದವು. 2021ರಲ್ಲಿ ಒಂದು ಯೋಜನೆಗೆ ಮಂಜೂರಾತಿ ಸಿಕ್ಕಿತು, ಆದರೆ ಅದು ಕಾರ್ಯರೂಪಕ್ಕೆ ಬರಲಿಲ್ಲ. ಕಡೆಗೆ 2024ರ ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯವೇ ಸಮಾಪನಕ್ಕೆ ಆದೇಶಿಸಿತು. 330 ದಿನಗಳ ಗಡುವೆಲ್ಲಿ, ಐದೂವರೆ ವರ್ಷಗಳೆಲ್ಲಿ! ಆದರೂ ಈ ಹೋರಾಟದ ನಡುವೆ, 2023ರ ಜನವರಿಯಲ್ಲಿ, ನೌಕರರ ಭವಿಷ್ಯನಿಧಿ ಮತ್ತು ಗ್ರ್ಯಾಚುಯಿಟಿಯನ್ನು ಪೂರ್ತಿಯಾಗಿ ಕೊಡಬೇಕೆಂಬ ಆದೇಶವನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಅದನ್ನು ವಾದಿಸಲು ನೌಕರರ ಪರವಾಗಿಯೂ ವಕೀಲರಿದ್ದರು.

ಇನ್ನು ನಮ್ಮ ಭಾಷೆಯ ಮಾತು. ಕಂಪನಿಯೊಂದು ದಿವಾಳಿ ಪ್ರಕ್ರಿಯೆಗೆ ಒಳಗಾದಾಗ ಮೂರು ದಿನಗಳೊಳಗೆ ಪತ್ರಿಕೆಗಳಲ್ಲಿ ಪ್ರಕಟಣೆ ಹೊರಡುತ್ತದೆ: ಒಂದು ಇಂಗ್ಲಿಷ್ ಪತ್ರಿಕೆ, ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆ. ಬಾಕಿ ಬರಬೇಕಾದವರು ನಿಗದಿತ ದಿನಗಳೊಳಗೆ ತಮ್ಮ ಹಕ್ಕನ್ನು ನಮೂನೆಯಲ್ಲಿ ಬರೆದು ಸಲ್ಲಿಸಬೇಕು. ಕಾರ್ಮಿಕರದು ‘ಡಿ’ ನಮೂನೆ. ನ್ಯಾಯಮಂಡಳಿಗೆ ಹೋಗುವ ಕಾಗದಗಳು ಬೇರೆ ಭಾಷೆಯಲ್ಲಿದ್ದರೆ ಇಂಗ್ಲಿಷ್ ಅನುವಾದ ಜೊತೆಗಿರಬೇಕು. ಗಡಿನಾಡಿನಲ್ಲಿ ಪ್ರಾದೇಶಿಕ ಭಾಷೆಯ ಪತ್ರಿಕೆಯೆಂದರೆ ಮರಾಠಿ ಪತ್ರಿಕೆ. ಕನ್ನಡ ಮಾತ್ರ ಓದಬಲ್ಲ ಮುದುಕ ಕಾರ್ಮಿಕನಿಗೆ ಸುದ್ದಿ ಮುಟ್ಟುವುದು ಯಾರಾದರೂ ಬಾಯಿಮಾತಿನಲ್ಲಿ ಹೇಳಿದರೆ ಮಾತ್ರ.

ಇಂಥದೇ ಒಂದು ಮುಚ್ಚಿದ ಕಾರ್ಖಾನೆಯ ಕಾರ್ಮಿಕರ ಹಕ್ಕಿನ ಅರ್ಜಿಗಳನ್ನು ತುಂಬಿಸಲು ನಮ್ಮ ಹಳೆಯ ವಿದ್ಯಾರ್ಥಿ ಎರಡು ಭಾನುವಾರ ಈ ತಾಲೂಕಿಗೆ ಬಂದಿದ್ದರು. ಹನುಮಂತ ದೇವರ ಗುಡಿಯ ಕಟ್ಟೆಯ ಮೇಲೆ ಕುಳಿತು ಪಗಾರದ ಚೀಟಿ, ಹಾಜರಿ ಕಾರ್ಡು, ಟ್ರಂಕಿನ ತಳದಿಂದ ತೆಗೆದ ಹಳೆಯ ಪಾಸ್‌ಬುಕ್ಕು ಇವನ್ನೆಲ್ಲ ಜೋಡಿಸಿದರು. ಒಬ್ಬ ವೃದ್ಧರು ಕಾಗದ ಕೊಡಲು ಒಪ್ಪಲೇ ಇಲ್ಲ. ‘ಮುಳುಗಿದ ಮನಿಯೊಳಗ ಏನ ಕೇಳೂದ್ರೀ ಸಾಹೇಬ್ರ, ನಮಗ ನಾಚಿಕಿ ಬರತೈತಿ’ ಎಂದರಂತೆ. ಅದು ಭಿಕ್ಷೆಯಲ್ಲ, ಬ್ಯಾಂಕಿನ ಪಂಕ್ತಿಯಲ್ಲಿಯೇ ನಿಮ್ಮ ಎಲೆಯನ್ನೂ ಹಾಕಿದ್ದಾರೆ ಎಂದು ಕನ್ನಡದಲ್ಲಿ, ಅದೂ ಅವರ ಕನ್ನಡದಲ್ಲಿ, ಬಿಡಿಸಿ ಹೇಳಿದ ಮೇಲೆ ಹೆಬ್ಬೆಟ್ಟು ಒತ್ತಿದರು. ಅದೇ ವಕೀಲರು ಬೇರೆ ಪ್ರಕರಣಗಳಲ್ಲಿ ಬ್ಯಾಂಕಿನ ಪರವೂ ನಿಲ್ಲುತ್ತಾರೆ. ‘ಅಕ್ಕೋರ, ಎರಡೂ ಕಡೆಯ ಲೆಕ್ಕ ಬಲ್ಲವನಿಗೇ ಒಂದು ಕಡೆಯ ಲೆಕ್ಕ ಸರಿಯಾಗಿ ಬರುತ್ತದೆ’ ಎಂಬುದು ಅವರ ಸಮರ್ಥನೆ. ನಮಗೆ ಅದು ಒಪ್ಪಿತವೆನಿಸಿತು.

ಈಗ ಪಾಲಕರು ಪ್ರತಿ ಜೂನ್ ತಿಂಗಳಲ್ಲಿ ನಮ್ಮ ಕೋಣೆಗೆ ಬಂದು ಕೇಳುವ ಪ್ರಶ್ನೆ: ಕನ್ನಡ ಶಾಲೆಯಲ್ಲಿ ಓದಿದ ಮಗುವಿಗೆ ಇಂಥ ವೃತ್ತಿ ದಕ್ಕುವುದೇ? ಇಂಗ್ಲಿಷ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಉಚ್ಚ ನ್ಯಾಯಾಲಯದಲ್ಲಿಯೂ ಕಂಪನಿ ನ್ಯಾಯಮಂಡಳಿಯಲ್ಲಿಯೂ ಕೆಲಸ ನಡೆಯುವುದು ಇಂಗ್ಲಿಷಿನಲ್ಲಿಯೇ. ನಮ್ಮ ವಕೀಲರು ಹನ್ನೊಂದನೆಯ ತರಗತಿಯಲ್ಲಿ ಒಂದು ವರ್ಷ ಪೂರ್ತಿ ನಿಘಂಟನ್ನು ಚೀಲದಲ್ಲಿ ಹೊತ್ತರು. ಆ ವರ್ಷದ ಕಷ್ಟವನ್ನು ಅವರು ಮುಚ್ಚಿಡುವುದಿಲ್ಲ. ಆದರೆ ಗುಡಿಯ ಕಟ್ಟೆಯ ಮೇಲಿನ ಆ ಭಾನುವಾರದ ಕೆಲಸವನ್ನು ಅವರ ಕಚೇರಿಯ ಬೇರೆ ಯಾವ ವಕೀಲರೂ ಮಾಡಲಾಗುತ್ತಿರಲಿಲ್ಲ.

ದಾರಿ ಹೀಗಿದೆ. ಹನ್ನೆರಡನೆಯ ತರಗತಿಯ ನಂತರ ಐದು ವರ್ಷಗಳ ಕಾನೂನು ಪದವಿ, ಇಲ್ಲವೆ ಯಾವುದೇ ಪದವಿಯ ನಂತರ ಮೂರು ವರ್ಷಗಳದು. ಆಮೇಲೆ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಅಖಿಲ ಭಾರತ ವಕೀಲರ ಪರೀಕ್ಷೆ. ಹತ್ತು ವರ್ಷ ವಕೀಲಿ ಮಾಡಿದವರು ಪ್ರತ್ಯೇಕ ಪರೀಕ್ಷೆ ಬರೆದು ದಿವಾಳಿ ಪ್ರಕ್ರಿಯೆಯನ್ನು ತಾವೇ ನಡೆಸುವ ವೃತ್ತಿಪರರಾಗಿಯೂ ನೋಂದಾಯಿಸಿಕೊಳ್ಳಬಹುದು. ವಾಣಿಜ್ಯ ವಿಭಾಗದ ಮಕ್ಕಳಿಗೆ ಲೆಕ್ಕಪತ್ರದ ಪರಿಚಯ ಮೊದಲೇ ಇರುವುದರಿಂದ ಒಂದು ಹೆಜ್ಜೆ ಮುಂದಿರುತ್ತಾರೆ. ಹೆಣ್ಣುಮಕ್ಕಳ ಪಾಲಕರು ಇದನ್ನು ವಿಶೇಷವಾಗಿ ಕೇಳಿಸಿಕೊಳ್ಳಬೇಕು: ಕೋರ್ಟು ಕಚೇರಿ ನಮಗೇಕೆ ಎನ್ನುವ ಮಾತನ್ನು ಹತ್ತನೆಯ ತರಗತಿಯ ಜಾಣ ಹುಡುಗಿಯರ ಮನೆಗಳಿಂದಲೇ ನಾವು ಹೆಚ್ಚಾಗಿ ಕೇಳಿದ್ದೇವೆ.

ದೀಪಾವಳಿ ರಜೆಗೆ ಊರಿಗೆ ಬರುವಾಗ ನಮ್ಮ ಹಳೆಯ ವಿದ್ಯಾರ್ಥಿ ಮೂರು ದಿನ ಶಾಲೆಯಲ್ಲಿ ಕುಳಿತು, ಒಂದು ಕಂಪನಿಯ ಜಮಾಖರ್ಚಿನ ತಖ್ತೆಯನ್ನು ಓದುವುದು ಹೇಗೆಂದು ಒಂಬತ್ತು ಮತ್ತು ಹತ್ತನೆಯ ತರಗತಿಯ ಮಕ್ಕಳಿಗೆ ಕಲಿಸಲು ಒಪ್ಪಿದ್ದಾರೆ. ಪಾಠ ಕನ್ನಡದಲ್ಲಿ ನಡೆಯುತ್ತದೆ, ತಖ್ತೆ ಇಂಗ್ಲಿಷಿನಲ್ಲಿ ಇರುತ್ತದೆ. ಬಾಕಿ ಪಗಾರದ ಕಾಗದಗಳನ್ನು ಮನೆಯಲ್ಲಿ ಇಟ್ಟುಕೊಂಡಿರುವ ಹಿರಿಯರು ಅವನ್ನು ತಂದು ತೋರಿಸಬಹುದು. ಹೆಸರುಗಳನ್ನು ಕಚೇರಿಯಲ್ಲಿ ನಮ್ಮ ಗುಮಾಸ್ತರ ಬಳಿ ಈ ವಾರದೊಳಗೆ ಬರೆಸಬೇಕೆಂದು ಕೋರುತ್ತೇವೆ.