ಗಣಿ ಮುಚ್ಚಿದ ಮೇಲೆ ಕುದುರೆಮುಖ
(ವಿ.ಸಿ. ಫಾರಂನಲ್ಲಿ ಸೇರಿದ್ದ ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಕಬ್ಬು, ಭತ್ತ, ನಾಲೆಯ ನೀರು, ಇವು ನಮ್ಮ ನಿತ್ಯದ ಮಾತು. ಈ ಬಯಲುಸೀಮೆಯಲ್ಲಿ ನಿಂತು ಮಲೆನಾಡಿನ ಗಣಿಯ ವಿಷಯ ಹೇಳಹೊರಟರೆ, ಅದು ನಮಗೇಕೆ ಎಂದು ನೀವು ಕೇಳಬಹುದು. ಗಣಿಗೂ ನಮಗೂ ಹಳೆಯ ನಂಟಿದೆ. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಆ ಗಣಿಗಳನ್ನು 2001ರಲ್ಲಿ ಮುಚ್ಚಿದರು. ನಾಲ್ಕೇ ವರ್ಷಗಳಲ್ಲಿ ಕುದುರೆಮುಖದ ಸರದಿ ಬಂತು.

ಕುದುರೆಮುಖ ಚಿಕ್ಕಮಗಳೂರು ಜಿಲ್ಲೆಯಲ್ಲಿ, ಕಳಸದ ಆಚೆಗಿದೆ. ಶಿಖರದ ಎತ್ತರ ಆರು ಸಾವಿರ ಅಡಿಗೂ ಮೇಲೆ. ಅಲ್ಲಿನ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುತ್ತವೆ. ಮಲೆಕುಡಿಯರು ಹಿಂದಿನಿಂದ ಬಾಳಿದ ಕಾಡು ಅದು. ಕಬ್ಬಿಣದ ಅದಿರು ಇದೆಯೆಂಬುದು 1913ರಲ್ಲೇ ಗೊತ್ತಾದರೂ, ಗಣಿ ಬಂದದ್ದು ಬಹಳ ತಡವಾಗಿ. ಇರಾನ್ ದೇಶ ಸಾಲ ಕೊಟ್ಟು ಅದಿರು ಕೊಳ್ಳುತ್ತೇನೆಂದು 1975ರಲ್ಲಿ ಒಪ್ಪಂದ ಮಾಡಿಕೊಂಡಿತು. 1976ರಲ್ಲಿ ಭಾರತ ಸರ್ಕಾರ ಕಂಪನಿ ಕಟ್ಟಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು, ಕೊಳ್ಳುವವನು ಕೈಬಿಟ್ಟ. ಕಾರ್ಖಾನೆ ಸಿದ್ಧವಾಗುವ ಹೊತ್ತಿಗೆ ಬೇರೆ ಗಿರಾಕಿಗಳನ್ನು ಹುಡುಕಬೇಕಾಯಿತು. ಟೆಹರಾನಿನ ಏರುಪೇರು ಕಳಸದ ಕೂಲಿಕಾರನ ಅನ್ನಕ್ಕೆ ತಟ್ಟುವುದು ಹೀಗೆ.

ಅಲ್ಲಿನ ಅದಿರಿನಲ್ಲಿ ಕಬ್ಬಿಣ ನೂರಕ್ಕೆ ಸುಮಾರು 38 ಪಾಲು ಮಾತ್ರ. ಅದನ್ನು ಅರೆದು, ತೊಳೆದು, 67 ಪಾಲಿಗೆ ಏರಿಸಿ, ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಇಳಿಸುತ್ತಿದ್ದರು. ನಮ್ಮ ಮಿಲ್ಲಿನಲ್ಲಿ ರಸ ಒಂದು ಕಡೆ, ಸಿಪ್ಪೆ ಒಂದು ಕಡೆ. ಸಿಪ್ಪೆ ಬಾಯ್ಲರಿಗೆ ಉರುವಲಾಗುತ್ತದೆ. ಅಲ್ಲಿನ ಕಸ ಉರಿಯುವಂಥದಲ್ಲ. ಲಕ್ಯಾ ಅಣೆಕಟ್ಟಿನ ಹಿಂದೆ ಕೆಸರಾಗಿ ಕೂತಿತು. ಅಗೆದ ಬೆಟ್ಟದ ಮಣ್ಣು ಮಳೆಗಾಲದಲ್ಲಿ ಭದ್ರೆಗೆ ಇಳಿಯಿತು.

ಗುತ್ತಿಗೆಯ ಅವಧಿ 1999ರಲ್ಲಿ ಮುಗಿಯಿತು. ಕಾಡನ್ನೂ ನದಿಯನ್ನೂ ಉಳಿಸಬೇಕೆಂದವರು ನ್ಯಾಯಾಲಯಕ್ಕೆ ಹೋದರು. 2002ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಂತೆ 2005ರ ಕೊನೆಯ ದಿನ ಗಣಿ ನಿಂತಿತು. ತೀರ್ಪು ತಪ್ಪೆಂದು ನಾನು ಹೇಳುವುದಿಲ್ಲ. ಭದ್ರೆಯ ನೀರು ನಂಬಿದ ರೈತನೂ ದುಡಿಯುವವನೇ. ಆದರೆ ನದಿಯನ್ನು ಉಳಿಸಿದ ಬೆಲೆಯನ್ನು ತೆತ್ತವರು ಯಾರು? ಖಾಯಂ ನೌಕರರಲ್ಲಿ ಕೆಲವರಿಗೆ ಮಂಗಳೂರಿನಲ್ಲಿ ಕೆಲಸ, ಕೆಲವರಿಗೆ ಸ್ವಯಂ ನಿವೃತ್ತಿಯ ಹಣ. ಚಹಾದಂಗಡಿಯವನಿಗೆ, ದಿನಸಿ ವ್ಯಾಪಾರಿಗೆ, ಕ್ಷೌರದವನಿಗೆ ವರ್ಗಾವಣೆಯ ಆದೇಶವೂ ಇಲ್ಲ, ನಿವೃತ್ತಿಯ ಹಣವೂ ಇಲ್ಲ. ಕಂಪನಿ ಕಟ್ಟಿದ ಊರಿನಲ್ಲಿ ಸಾಲು ಸಾಲು ಮನೆಗಳಿಗೆ ಬೀಗ ಬಿತ್ತು. ಇತ್ತ ಮಲೆಕುಡಿಯರಿಗೆ, ಇದು ರಾಷ್ಟ್ರೀಯ ಉದ್ಯಾನ, ಪರಿಹಾರ ತೆಗೆದುಕೊಂಡು ಹೊರಡಿ ಎಂಬ ಮಾತು.

ಸಮಾಜವಾದಿಗಳಾದ ನಾವು ಇಲ್ಲೊಂದು ಕಹಿ ಸತ್ಯವನ್ನು ನುಂಗಬೇಕು. ಇದು ಖಾಸಗಿ ಸಾಹುಕಾರನ ಗಣಿಯಾಗಿರಲಿಲ್ಲ, ಸರ್ಕಾರದ್ದೇ. ಒಡೆತನ ಸರ್ಕಾರದ್ದಾದ ಮಾತ್ರಕ್ಕೆ ದುಡಿಯುವವರ ಕೈಗೆ ಅಧಿಕಾರ ಬರುವುದಿಲ್ಲ. ಗುತ್ತಿಗೆಗೆ ಸಹಿ ಹಾಕಿದ ದಿನವೇ ಅದು ಮುಗಿಯುವ ದಿನವೂ ಗೊತ್ತಿತ್ತು. ಆಮೇಲೆ ಊರು ಏನು ಉಣ್ಣಬೇಕು ಎಂಬ ಪ್ರಶ್ನೆಯನ್ನು ಊರಿನವರ ಎದುರಿಗೆ ಇಟ್ಟು ತೀರ್ಮಾನಿಸಿದವರಿಲ್ಲ.

ಬೇರೆ ದಾರಿ ಇರಲಿಲ್ಲವೇ? ಬ್ರಿಟನ್ನಿನಲ್ಲಿ 1984-85ರಲ್ಲಿ ಕಲ್ಲಿದ್ದಲು ಕಾರ್ಮಿಕರು ಒಂದು ವರ್ಷ ಮುಷ್ಕರ ಹೂಡಿ ಸೋತರು. ವೇಲ್ಸಿನ ಬೆಟ್ಟದ ಕಣಿವೆಗಳಲ್ಲಿ ಒಂದೊಂದಾಗಿ ಗಣಿ ಮುಚ್ಚಿ ಊರುಗಳು ಬಡವಾದವು. ಜರ್ಮನಿಯಲ್ಲಿ ಕಲ್ಲಿದ್ದಲು ಸುರಂಗಗಳನ್ನು 2018ಕ್ಕೆ ಮುಚ್ಚುವುದೆಂದು 2007ರಲ್ಲೇ ನಿಶ್ಚಯಿಸಿ, ಸಂಘಗಳೊಡನೆ ಕೂತು ಹನ್ನೊಂದು ವರ್ಷ ಮೊದಲೇ ತಯಾರಿ ಆರಂಭಿಸಿದರು. ನಮ್ಮಲ್ಲಿ ಗಣಿಯ ಆದಾಯದಲ್ಲಿ ಒಂದು ಪಾಲನ್ನು ಆಯಾ ಜಿಲ್ಲೆಗೆ ಮೀಸಲಿಡುವ ಖನಿಜ ಪ್ರತಿಷ್ಠಾನದ ಕಾನೂನು ಬಂದದ್ದು 2015ರಲ್ಲಿ. ಆಗ ಕುದುರೆಮುಖದ ಗಣಿ ನಿಂತು ಹತ್ತು ವರ್ಷವಾಗುತ್ತಿತ್ತು.

ನಮ್ಮ ಮಂಡ್ಯದ ಮೈಷುಗರ್ ಶುರುವಾದದ್ದು 1933ರಲ್ಲಿ. ಅದು ನಿಂತಿದ್ದ ವರ್ಷಗಳು ನಿಮಗೆ ನೆನಪಿವೆ. ಖಾಸಗಿಗೆ ಕೊಡುವ ಮಾತು ಬಂದಾಗ ರೈತರೂ ಕಾರ್ಮಿಕರೂ ಬೀದಿಗಿಳಿದರು. 2022ರಲ್ಲಿ ಅದು ಸರ್ಕಾರದ ಕೈಯಲ್ಲೇ ಮತ್ತೆ ಕಬ್ಬು ಅರೆಯಿತು. ಕಬ್ಬು ಅದಿರಿನಂತಲ್ಲ, ವರ್ಷವರ್ಷ ಬೆಳೆಯುತ್ತದೆ. ಆದರೂ ಯಂತ್ರ ಹಳತಾಗುತ್ತದೆ, ನಾಲೆ ಒಣಗುವ ವರ್ಷಗಳೂ ಬರುತ್ತವೆ.

ಆದ್ದರಿಂದ ನಮ್ಮ ಬೇಡಿಕೆ ಮೂರು. ಗಣಿಯಾಗಲಿ ಗಿರಣಿಯಾಗಲಿ, ಅದರ ಲೆಕ್ಕಪತ್ರ ಕಾರ್ಮಿಕ ಸಂಘದ ಮುಂದೆ ಬರಬೇಕು. ಲಾಭದ ವರ್ಷಗಳಲ್ಲೇ ಊರಿನ ಮುಂದಿನ ಬದುಕಿಗಾಗಿ ನಿಧಿ ಕೂಡಿಡಬೇಕು. ಆ ನಿಧಿಯಲ್ಲಿ ಗುತ್ತಿಗೆ ಕೂಲಿಗೂ ಬೀದಿಯ ಅಂಗಡಿಯವನಿಗೂ ಹಕ್ಕಿರಬೇಕು. ಈ ಮೂರನ್ನು ನಿಮ್ಮ ನಿಮ್ಮ ಸಂಘಗಳಲ್ಲಿ ಚರ್ಚಿಸಿ, ಠರಾವು ಮಾಡಿ ಕಳಿಸಿರೆಂದು ಕೇಳಿಕೊಳ್ಳುತ್ತೇನೆ.