ಸಾಬ್ ಕಾರಿನ ಕೀಲಿಕೈ

ಕಾರನ್ನು ಚಾಲೂ ಮಾಡುವ ಕೀಲಿಕೈ ತೂರಿಸುವ ಜಾಗ ಎಲ್ಲಿ ಎಂದು ಕೇಳಿದರೆ ಹೆಚ್ಚಿನವರು ಸ್ಟೀರಿಂಗ್ ಚಕ್ರದ ಕೆಳಗೆ ಬೆರಳು ತೋರಿಸುತ್ತಾರೆ. ಸ್ವೀಡನ್ನಿನ ಸಾಬ್ ಕಾರಿನಲ್ಲಿ ಅದು ಅಲ್ಲಿರಲಿಲ್ಲ. ಮುಂದಿನ ಎರಡು ಸೀಟುಗಳ ನಡುವೆ, ಗೇರಿನ ಪಕ್ಕದಲ್ಲಿ, ಬಹುತೇಕ ನೆಲದ ಹತ್ತಿರ ಇತ್ತು. ಹೊಸಬರು ಕತ್ತಲಲ್ಲಿ ತಡಕಾಡಬೇಕಿತ್ತು. ಆದರೆ ಇದು ಯಾರದೋ ಖಯಾಲಿಯಿಂದ ಹುಟ್ಟಿದ್ದಲ್ಲ. ಅಪಘಾತವಾದಾಗ ಚಾಲಕನ ಮಂಡಿ ಸ್ಟೀರಿಂಗ್ ಬಳಿಯ ಕೀಲಿಗೆ ಬಡಿದು ಗಾಯವಾಗುವುದುಂಟು, ಅದನ್ನು ತಪ್ಪಿಸಬೇಕಿತ್ತು. ಜೊತೆಗೆ, ಗೇರನ್ನು ರಿವರ್ಸ್‌ಗೆ ಹಾಕದ ಹೊರತು ಕೀಲಿಕೈ ಹೊರಬರುತ್ತಿರಲಿಲ್ಲ. ಬಂದ ಮೇಲೆ ಗೇರ್‌ಪೆಟ್ಟಿಗೆಗೇ ಬೀಗ ಬೀಳುತ್ತಿತ್ತು. ಕಳ್ಳನಿಗೂ ಕಷ್ಟ, ಇಳಿಜಾರಿನಲ್ಲಿ ನಿಲ್ಲಿಸಿದ ಕಾರಿಗೂ ಕ್ಷೇಮ.

ಈ ಕೀಲಿಕೈಯ ಜಾಡು ಹಿಡಿದು ಹೋದರೆ, ಸ್ವಂತ ಗುಣವುಳ್ಳ ಒಂದು ಕಂಪನಿ ದೊಡ್ಡ ಒಡೆಯನ ಕೈಸೇರಿದಾಗ ಏನು ಉಳಿಯುತ್ತದೆ, ಏನು ಹೋಗುತ್ತದೆ ಎಂಬುದು ಸಾಕಷ್ಟು ಸ್ಪಷ್ಟವಾಗುತ್ತದೆ.

ಬೆಂಗಳೂರಿನ ಜನರಿಗೆ ಸಾಬ್ ಎಂದರೆ ಕಾರಿಗಿಂತ ಹೆಚ್ಚಾಗಿ ವಿಮಾನ. ಯಲಹಂಕದ ಏರೋ ಇಂಡಿಯಾ ಪ್ರದರ್ಶನದಲ್ಲಿ ಕಂಡ ಗ್ರಿಪೆನ್ ಯುದ್ಧವಿಮಾನ ಆ ಮನೆತನದ್ದೇ. 1937ರಲ್ಲಿ ಸ್ವೀಡನ್ನಿನ ವಾಯುಪಡೆಗೆ ವಿಮಾನ ಕಟ್ಟಿಕೊಡಲೆಂದು ಹುಟ್ಟಿದ ಕಂಪನಿ ಅದು. ಮಹಾಯುದ್ಧ ಮುಗಿಯುತ್ತ ಬಂದಾಗ ಯುದ್ಧವಿಮಾನಗಳ ಬೇಡಿಕೆ ಇಳಿಯುವುದು ಖಚಿತವಾಯಿತು. ಕೈಯಲ್ಲಿದ್ದ ಎಂಜಿನಿಯರುಗಳಿಗೆ ಕೆಲಸ ಬೇಕು. ಕಾರು ಮಾಡೋಣ ಎಂದಾಯಿತು. ಗುನ್ನಾರ್ ಯುಂಗ್‌ಸ್ಟ್ರೋಮ್ ಎಂಬ ಎಂಜಿನಿಯರ್ ಮತ್ತು ಸಿಕ್ಸ್‌ಟೆನ್ ಸಾಸೋನ್ ಎಂಬ ವಿನ್ಯಾಸಕಾರ ಒಂದು ಪುಟ್ಟ ತಂಡ ಕಟ್ಟಿಕೊಂಡು ಕುಳಿತರು. ಕಾರಿನ ಬಗ್ಗೆ ಅವರಿಗೆ ಅನುಭವ ಇರಲಿಲ್ಲವೆಂದೇ ಹೇಳಬೇಕು. ಗಾಳಿಯ ಬಗ್ಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ಅವರು ಮಾಡಿದ ಕಾರು ವಿಮಾನದ ರೆಕ್ಕೆಯನ್ನು ಅಡ್ಡಕ್ಕೆ ಕತ್ತರಿಸಿಟ್ಟಂತೆ ಕಾಣುತ್ತಿತ್ತು. 1949ರ ಕೊನೆಯಲ್ಲಿ ಸಾಬ್ 92 ಎಂಬ ಹೆಸರಿನಲ್ಲಿ ತಯಾರಿಕೆ ಶುರುವಾಯಿತು. ಎರಡು ಸಿಲಿಂಡರಿನ ಎಂಜಿನ್, 25 ಅಶ್ವಶಕ್ತಿ, ಮುಂದಿನ ಚಕ್ರಗಳಿಗೆ ಚಾಲನೆ. ಮೊದಮೊದಲು ಸಿಕ್ಕುತ್ತಿದ್ದುದು ಹಸಿರು ಬಣ್ಣ ಒಂದೇ. ಯುದ್ಧಕಾಲದ ವಿಮಾನಗಳಿಗೆ ಬಳಿದು ಮಿಕ್ಕಿದ್ದ ಬಣ್ಣ ಅದು ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ.

ಅಲ್ಲಿಂದ ನಾಲ್ಕು ದಶಕ ಟ್ರೋಲ್‌ಹೆಟ್ಟನ್ ಎಂಬ ಊರಿನ ಕಾರ್ಖಾನೆಯಿಂದ ವಿಚಿತ್ರ ಎನಿಸುವ ಕಾರುಗಳು ಬಂದವು. ಎರಿಕ್ ಕಾರ್ಲ್ಸನ್ ಎಂಬ ಭಾರೀ ದೇಹದ ಚಾಲಕ ಈ ಚಿಕ್ಕ ಕಾರಿನಲ್ಲಿ ಕುಳಿತು 1962 ಮತ್ತು 1963ರ ಮಾಂಟೆ ಕಾರ್ಲೊ ರ್‍ಯಾಲಿಗಳನ್ನು ಗೆದ್ದ. ರಾತ್ರಿ ರಸ್ತೆಗೆ ಅಡ್ಡ ಬರುವ ಮೂಸ್ ಎಂಬ ಆನೆಮರಿಯಷ್ಟು ಭಾರದ ಜಿಂಕೆ ಮುಂಗಾಜಿಗೆ ಬಡಿದರೂ ಒಳಗಿದ್ದವರು ಬದುಕಬೇಕೆಂದು ಗಾಜಿನ ಕಂಬಗಳನ್ನು ಗಟ್ಟಿ ಮಾಡಿದರು. 1970ರ ಸುಮಾರಿಗೆ ದೀಪದ ಮೇಲಿನ ಹಿಮ ಒರೆಸಲು ಪುಟ್ಟ ವೈಪರ್, ಬೆನ್ನು ಬೆಚ್ಚಗಾಗಲು ಬಿಸಿಯಾಗುವ ಸೀಟು ಬಂದವು. 1977ರಲ್ಲಿ ಟರ್ಬೊ. ಅಲ್ಲಿಯವರೆಗೆ ಮುಖ್ಯವಾಗಿ ಓಟದ ಕಾರುಗಳ ಸೊತ್ತಾಗಿದ್ದ ಈ ಉಪಕರಣವನ್ನು ಮಕ್ಕಳನ್ನು ಶಾಲೆಗೆ ಬಿಡುವ ಕಾರಿಗೆ ಹಾಕುವ ಧೈರ್ಯ ಇವರದು. ಇವೆಲ್ಲ ಜಾಹೀರಾತಿಗೆಂದು ಹುಟ್ಟಿದವಲ್ಲ ಎಂಬುದನ್ನು ಗಮನಿಸಬೇಕು. ಹಿಮ, ಕತ್ತಲೆ, ಕಾಡುಪ್ರಾಣಿ, ಉದ್ದ ರಸ್ತೆ - ಆ ನಾಡಿನ ಒಂದೊಂದು ತೊಂದರೆಗೆ ಒಂದೊಂದು ಉತ್ತರ. ಉತ್ತರ ಕೊಡುವ ಅಧಿಕಾರ ಎಂಜಿನಿಯರುಗಳ ಕೈಯಲ್ಲೇ ಇತ್ತು. 1978ರಿಂದ ಬಂದ ಸಾಬ್ 900 ಈ ಗುಣಗಳನ್ನೆಲ್ಲ ಒಟ್ಟುಗೂಡಿಸಿತು. ಅದರ ಒಂಬತ್ತು ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಪ್ರಾಧ್ಯಾಪಕರು, ವಾಸ್ತುಶಿಲ್ಪಿಗಳು ಓಡಿಸುವ ಕಾರು ಎಂಬ ಹೆಸರು ಅಮೆರಿಕದಲ್ಲಿ ಬಂದದ್ದು ಇದರಿಂದಲೇ.

ಆದರೆ ಮೆಚ್ಚುಗೆಯಿಂದ ಹೊಟ್ಟೆ ತುಂಬುವುದಿಲ್ಲ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಂಪನಿ ನಷ್ಟದಲ್ಲಿತ್ತು. ಆಗ ನಡೆದದ್ದು ಒಂದು ರೀತಿಯ ಸ್ವಯಂವರ. ಅಮೆರಿಕದ ಜನರಲ್ ಮೋಟಾರ್ಸ್‌ಗೆ ಬೇಕಿದ್ದುದು ಇಂಗ್ಲೆಂಡಿನ ಜಾಗ್ವಾರ್. 1989ರಲ್ಲಿ ಅದನ್ನು ಫೋರ್ಡ್ ಹಾರಿಸಿಕೊಂಡು ಹೋಯಿತು. ಕೆಲವೇ ವಾರಗಳಲ್ಲಿ ಜನರಲ್ ಮೋಟಾರ್ಸ್ ಸಾಬ್‌ನ ಕಾರು ವಿಭಾಗದ ಅರ್ಧ ಪಾಲನ್ನು ಸುಮಾರು 60 ಕೋಟಿ ಡಾಲರಿಗೆ ಕೊಂಡಿತು. ಮಿಕ್ಕ ಅರ್ಧವನ್ನು 2000ದಲ್ಲಿ 12.5 ಕೋಟಿ ಡಾಲರಿಗೆ ಕೊಂಡಿತು. ಹತ್ತು ವರ್ಷಗಳಲ್ಲಿ ಬೆಲೆ ಎಲ್ಲಿಗೆ ಇಳಿದಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ದೊಡ್ಡ ಕಂಪನಿಯ ಲೆಕ್ಕಾಚಾರ ಸರಳ. ಕಾರಿನ ತಳಪಾಯ, ಚಕ್ರಗಳ ಜೋಡಣೆ, ಎಂಜಿನ್ ಕೂರುವ ಜಾಗ ಇವುಗಳನ್ನು ಒಮ್ಮೆ ರೂಪಿಸಲು ಅಪಾರ ಹಣ ಬೇಕು. ಇದಕ್ಕೆ ಪ್ಲಾಟ್‌ಫಾರಂ ಎನ್ನುತ್ತಾರೆ. ಒಂದನ್ನೇ ನಾಲ್ಕು ಹೆಸರಿನ ಕಾರುಗಳಿಗೆ ಬಳಸಿದರೆ ಖರ್ಚು ಹಂಚಿಹೋಗುತ್ತದೆ. ಒಂದೇ ಹಂಡೆಯಲ್ಲಿ ಬೆಂದ ಬೇಳೆಗೆ ನಾಲ್ಕು ಹೋಟೆಲಿನವರು ನಾಲ್ಕು ಒಗ್ಗರಣೆ ಹಾಕಿದ ಹಾಗೆ. 1993ರಲ್ಲಿ ಬಂದ ಹೊಸ ಸಾಬ್ 900, ಜನರಲ್ ಮೋಟಾರ್ಸ್‌ನದೇ ಆದ ಜರ್ಮನಿಯ ಓಪೆಲ್ ವೆಕ್ಟ್ರಾದ ತಳಪಾಯದ ಮೇಲೆ ನಿಂತಿತ್ತು. ಕೀಲಿಕೈ ಮಾತ್ರ ಸೀಟುಗಳ ನಡುವೆಯೇ ಇತ್ತು.

ತಳಪಾಯ ಹಂಚಿಕೊಂಡದ್ದೇ ದೋಷ ಎನ್ನುವಂತಿಲ್ಲ. 1984ರ ಸಾಬ್ 9000 ಇಟಲಿಯ ಫಿಯಟ್, ಲಾನ್ಸಿಯಾ, ಆಲ್ಫಾ ರೋಮಿಯೊಗಳ ಜೊತೆ ಹಂಚಿಕೊಂಡ ಕಾರೇ. ಆದರೆ ಅಲ್ಲಿ ಸಾಬ್ ಸಮಾನ ಪಾಲುದಾರ. ಬೇಡವೆನಿಸಿದ್ದನ್ನು ತಿದ್ದಿಕೊಳ್ಳುವ, ತನಗೆ ಬೇಕಾದಂತೆ ಬಲಪಡಿಸಿಕೊಳ್ಳುವ ಸ್ವಾತಂತ್ರ್ಯ ಇತ್ತು. ಜನರಲ್ ಮೋಟಾರ್ಸ್ ಒಡೆತನದಲ್ಲಿ ತಿದ್ದುವುದೇ ಅಪರಾಧವಾಯಿತು. ಕೊಟ್ಟ ಭಾಗಗಳನ್ನು ಟ್ರೋಲ್‌ಹೆಟ್ಟನ್ನಿನವರು ಮತ್ತೆ ಮತ್ತೆ ಬದಲಾಯಿಸಿ ಖರ್ಚು ಹೆಚ್ಚಿಸುತ್ತಾರೆ ಎಂಬುದು ಒಡೆಯರ ದೂರು. ಇದು ಕಾರಣವಿಲ್ಲದ ದೂರೇನಲ್ಲ. ವರ್ಷಕ್ಕೆ ಹೆಚ್ಚೆಂದರೆ ಸುಮಾರು 1.3 ಲಕ್ಷ ಕಾರು ಮಾರುವ ಘಟಕ, 80 ಲಕ್ಷಕ್ಕೂ ಮಿಕ್ಕಿ ಮಾರುವ ಸಂಸ್ಥೆಯ ಅಂಗವಾಗಿದ್ದುಕೊಂಡು ಬೇರೆಯೇ ಲೆಕ್ಕ ನಡೆಸುತ್ತೇನೆಂದರೆ ಯಾವ ಒಡೆಯ ಸುಮ್ಮನಿರುತ್ತಾನೆ? ಜನರಲ್ ಮೋಟಾರ್ಸ್ ಬಾರದಿದ್ದರೆ ಸಾಬ್ ಕಾರು ತೊಂಬತ್ತರ ದಶಕವನ್ನು ದಾಟುತ್ತಿತ್ತೆಂದು ನಂಬುವುದೂ ಕಷ್ಟ. ಅಭಿಮಾನಿಗಳು ಈ ಭಾಗವನ್ನು ಹೇಳದೆ ಬಿಡುವುದೇ ಹೆಚ್ಚು.

ಆದರೆ ಮುಂದೆ ನಡೆದುದಕ್ಕೆ ಸಮರ್ಥನೆ ಸಿಗುವುದಿಲ್ಲ. 2002ರ ಹೊಸ 9-3 ಮಾದರಿಯಲ್ಲಿ, ಸಾಬ್‌ನ ಗುರುತೇ ಆಗಿದ್ದ ಮೇಲಕ್ಕೆತ್ತುವ ಅಗಲದ ಹಿಂಬಾಗಿಲು ಹೋಯಿತು. 2004ರಲ್ಲಿ ಅಮೆರಿಕದ ಮಾರುಕಟ್ಟೆಗೆಂದು 9-2ಎಕ್ಸ್ ಬಂತು. ಅದು ಜಪಾನಿನಲ್ಲಿ ತಯಾರಾದ ಸುಬಾರು ಇಂಪ್ರೆಜಾ. ಮೂತಿ ಮತ್ತು ಬಿಲ್ಲೆ ಮಾತ್ರ ಸಾಬ್‌ನದು. ಜನ ಅದನ್ನು ಸಾಬಾರು ಎಂದು ಕರೆದು ನಕ್ಕರು. ಹಿಂದೆಯೇ ಬಂದದ್ದು 9-7ಎಕ್ಸ್. ಒಹಾಯೊ ರಾಜ್ಯದಲ್ಲಿ ತಯಾರಾದ, ಷೆವರ್ಲೆ ಟ್ರೈಲ್‌ಬ್ಲೇಜರ್ ಎಂಬ ಭಾರೀ ಗಾಡಿಯ ರೂಪಾಂತರ. ಇದರಲ್ಲಿ ಸ್ವೀಡನ್ನಿನ ರಸ್ತೆಯೂ ಇಲ್ಲ, ಗಾಳಿಯ ಲೆಕ್ಕವೂ ಇಲ್ಲ. ಆದರೂ ಖರ್ಚು ಮಾಡಿ ಒಂದು ಬದಲಾವಣೆಯನ್ನು ಮರೆಯದೆ ಮಾಡಿದರು: ಕೀಲಿಕೈಯ ಜಾಗವನ್ನು ತಂದು ಎರಡು ಸೀಟುಗಳ ನಡುವೆ ಇಟ್ಟರು.

ಒಂದು ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ್ದು ಇಲ್ಲಿ ವೇಷದ ಭಾಗವಾಗಿತ್ತು. ಹೊಸ ಒಡೆಯರಿಗೆ ಸಾಬ್‌ನ ಗುಣ ತಿಳಿದಿರಲಿಲ್ಲ ಎನ್ನುವುದಕ್ಕಿಂತ, ಅದನ್ನು ಅವರು ಲಕ್ಷಣಗಳ ಪಟ್ಟಿಯಾಗಿ ತಿಳಿದುಕೊಂಡಿದ್ದರು ಎನ್ನುವುದು ಸರಿ. ಪಟ್ಟಿಯಲ್ಲಿದ್ದುದನ್ನು ಕಾಪಾಡಿದರು. ಹೊಸ ತೊಂದರೆಗೆ ಹೊಸ ಉತ್ತರ ಹುಡುಕುವ ತಂಡ, ಅದಕ್ಕೆ ಬೇಕಾದ ಹಣ ಮತ್ತು ಬೇಡ ಎನ್ನುವ ಅಧಿಕಾರ ಆ ಪಟ್ಟಿಯಲ್ಲಿ ಇರಲಿಲ್ಲ. ಜಾಗ್ವಾರ್‌ಗೂ ಫೋರ್ಡ್ ಕೈಯಲ್ಲಿ ಇದೇ ಆಯಿತು. ಫೋರ್ಡ್ ಮಾಂಡಿಯೊ ತಳಪಾಯದ ಮೇಲೆ ಎಕ್ಸ್-ಟೈಪ್ ಎಂಬ ಜಾಗ್ವಾರ್ ಬಂತು. ಆ ಕಂಪನಿಗೆ 2008ರಲ್ಲಿ ಟಾಟಾ ರೂಪದಲ್ಲಿ ಬೇರೊಬ್ಬ ಒಡೆಯ ಸಿಕ್ಕಿದ. ಸಾಬ್‌ಗೆ ಆ ಅದೃಷ್ಟ ಇರಲಿಲ್ಲ.

2009ರಲ್ಲಿ ಜನರಲ್ ಮೋಟಾರ್ಸ್ ತಾನೇ ದಿವಾಳಿ ರಕ್ಷಣೆ ಕೋರಿತು. 2010ರಲ್ಲಿ ಸಾಬ್ ಅನ್ನು ಹಾಲೆಂಡಿನ ಸ್ಪೈಕರ್ ಎಂಬ ಅತಿ ಚಿಕ್ಕ ಕಂಪನಿ ಕೊಂಡಿತು. 2011ರ ವಸಂತದಲ್ಲಿ ಬಿಡಿಭಾಗ ಪೂರೈಸುವವರಿಗೆ ಕೊಡಲು ಹಣವಿಲ್ಲದೆ ಕಾರ್ಖಾನೆ ನಿಂತಿತು. ಚೀನಾದ ಕಂಪನಿಗಳು ಹಣ ಹಾಕಲು ಮುಂದೆ ಬಂದವು. ಆದರೆ ಕಾರಿನೊಳಗಿನ ತಂತ್ರಜ್ಞಾನದ ಹಕ್ಕು ಹಳೆಯ ಒಡೆಯನದೇ ಆಗಿತ್ತಲ್ಲ. ಅದು ಚೀನಾದ ಪಾಲಾಗುವುದಕ್ಕೆ ಜನರಲ್ ಮೋಟಾರ್ಸ್ ಒಪ್ಪಲಿಲ್ಲ. 2011ರ ಡಿಸೆಂಬರ್ 19ರಂದು ಸಾಬ್ ದಿವಾಳಿಯಾಯಿತು. 2012ರಲ್ಲಿ ಆಸ್ತಿಯನ್ನು ಕೊಂಡ ಮತ್ತೊಂದು ಕಂಪನಿ ಕೆಲವು ಕಾರು ತಯಾರಿಸಿದರೂ, 2014ರಲ್ಲಿ ವಿಮಾನದ ಸಾಬ್ ತನ್ನ ಹೆಸರನ್ನು ಬಳಸುವ ಅನುಮತಿಯನ್ನು ಹಿಂತೆಗೆದುಕೊಂಡಿತು.

ದಿವಾಳಿಯ ಬಳಿಕ ಕಂಪನಿಯ ವಸ್ತುಸಂಗ್ರಹಾಲಯದ ಹಳೆಯ ಕಾರುಗಳೂ ಸಾಲಗಾರರ ಪಾಲಾಗುವುದರಲ್ಲಿದ್ದವು. 2012ರ ಆರಂಭದಲ್ಲಿ ಟ್ರೋಲ್‌ಹೆಟ್ಟನ್ ಪುರಸಭೆ, ವಿಮಾನದ ಸಾಬ್ ಮತ್ತು ವಾಲೆನ್‌ಬರ್ಗ್ ಮನೆತನದ ಒಂದು ಪ್ರತಿಷ್ಠಾನ ಕೂಡಿ ಇಡೀ ಸಂಗ್ರಹವನ್ನು ಕೊಂಡು ಊರಿನಲ್ಲೇ ಉಳಿಸಿದವು. ಸಾಬ್ 92ಕ್ಕೂ ಮೊದಲು ಕೈಯಿಂದ ತಟ್ಟಿ ಮಾಡಿದ ಮೊದಲ ಮಾದರಿ ಕಾರು ಅಲ್ಲೇ ಇದೆ.