ಸೊಸೆ ಪರದೇಶದವಳಾದರೆ

ನಮ್ಮ ಹಿರಿಯರು ಮಗನಿಗೆ ಹೆಣ್ಣು ತರುವಾಗ ಗೋತ್ರ ಕೇಳುತ್ತಿದ್ದರು, ಜಾತಕ ಕೇಳುತ್ತಿದ್ದರು, ಹುಡುಗಿಗೆ ನಾಲ್ಕು ಹಾಡು ಬರುತ್ತದೆಯೇ ಎಂದು ಕೇಳುತ್ತಿದ್ದರು. ‘ವೀಸಾ ಯಾವುದು?’ ಎಂದು ಕೇಳಿದವರಿಲ್ಲ. ಈಗ ಅದನ್ನೂ ಕೇಳಬೇಕಾದ ಕಾಲ ಬಂದಿದೆ. ಓದಿಗೋ ಉದ್ಯೋಗಕ್ಕೋ ಕಡಲಾಚೆ ಹೋದ ನಮ್ಮ ಮಕ್ಕಳು ಅಲ್ಲಿ ಮನಮೆಚ್ಚಿದವರ ಕೈಹಿಡಿದು ಊರಿಗೆ ಬರುತ್ತಾರೆ. ಮನಸ್ಸುಗಳು ಕೂಡಿದ ಮೇಲೆ ಮನೆಯ ಹೊಸ್ತಿಲು ಅಡ್ಡವಾಗುವುದಿಲ್ಲ. ದೇಶದ ಹೊಸ್ತಿಲು ಮಾತ್ರ ಕಾಗದ ಕೇಳುತ್ತದೆ.

ನಾನು ವಕೀಲನಲ್ಲ, ಕನ್ನಡ ಪಾಠ ಹೇಳುವ ಮೇಷ್ಟರು. ಆದರೂ ಈ ವಿಷಯವನ್ನು ಆರಿಸಿಕೊಂಡಿರುವುದಕ್ಕೆ ಕಾರಣವುಂಟು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ನನ್ನ ಗೆಳೆಯರ ಮಗ, ಫ್ರಾನ್ಸಿನಲ್ಲಿ ಕೆಲಸದಲ್ಲಿದ್ದು 2022ರಲ್ಲಿ ಅಲ್ಲಿಯ ಹುಡುಗಿಯನ್ನೇ ಮದುವೆಯಾದ. ಮರುವರ್ಷ ಹೆಂಡತಿಯೊಡನೆ ಊರಿಗೆ ಹೊರಟಾಗ, ‘ಮೇಷ್ಟ್ರೇ, ಯಾವ ವೀಸಾ ಮಾಡಿಸಲಿ?’ ಎಂದು ಫೋನಿನಲ್ಲಿ ಕೇಳಿದ. ‘ಸುಲಭವಾಗಿ ಸಿಕ್ಕುವುದನ್ನು ಮಾಡಿಸಪ್ಪ’ ಎಂದೆ. ಸುಲಭವಾಗಿ ಸಿಕ್ಕಿದ್ದು 30 ದಿನದ ಪ್ರವಾಸಿ ಇ-ವೀಸಾ. ಅವರು ಬಂದ ಎರಡನೆಯ ವಾರದಲ್ಲಿ ಗೆಳೆಯರು ಹಾಸಿಗೆ ಹಿಡಿದರು. ಆ ಹುಡುಗಿ ‘ಮಾವಯ್ಯ’ ಎಂಬ ಒಂದೇ ಕನ್ನಡ ಮಾತನ್ನು ಕಲಿತು, ಹೊತ್ತು ಹೊತ್ತಿಗೆ ಗಂಜಿ ಕುಡಿಸಿದಳು. ಇಪ್ಪತ್ತೆಂಟನೆಯ ದಿನ ಹೊರಡಲೇಬೇಕಾಯಿತು. ಆ ವೀಸಾವನ್ನು ಮುಂದುವರಿಸಲು ಬರುವಂತಿರಲಿಲ್ಲ. ಆಕೆ ಹೋದ ನಾಲ್ಕನೆಯ ದಿನ ಗೆಳೆಯರು ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಸೊಸೆಯ ಸ್ಥಾನ ಬರಿದಾಗಿತ್ತು. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಇನ್ನೊಂದು ಮನೆಯಲ್ಲಿ ಹಾಗಾಗದಿರಲಿ ಎಂದು ಈ ಮಾತು.

‘ವೀಸಾ’ ಲ್ಯಾಟಿನ್ ಮೂಲದ ಶಬ್ದ. ‘ನೋಡಿಯಾಯಿತು’ ಎಂದು ಅದರ ಅರ್ಥ. ಅಧಿಕಾರಿ ಕಾಗದ ನೋಡಿ ಒಪ್ಪಿದನೆಂಬ ಗುರುತು. ಇದು ಪಶ್ಚಿಮದವರು ಮಾತ್ರ ಕಂಡುಹಿಡಿದ ಕಟ್ಟುಪಾಡೇನೂ ಅಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಮುದ್ರಾಧ್ಯಕ್ಷ’ನೆಂಬ ಅಧಿಕಾರಿಯ ಪ್ರಸ್ತಾಪವಿದೆ. ಒಂದು ಮಾಷಕ ತೆತ್ತು ಅವನಿಂದ ಮುದ್ರೆ ಪಡೆದವನೇ ಗಡಿ ದಾಟಬೇಕು. ಆಗ ಮುದ್ರೆ ಒಂದೇ ಬಗೆ. ಈಗ ಹಲವು ಬಗೆ. ತೊಡಕು ಇರುವುದೇ ಇಲ್ಲಿ.

ಮೊದಲನೆಯದು ಪ್ರವಾಸಿ ವೀಸಾ. ಅತ್ತೆ ಮಾವಂದಿರನ್ನು ಕಂಡು, ಹಂಪಿ ಬೇಲೂರು ನೋಡಿಕೊಂಡು ಹಿಂದಿರುಗುವವರಿಗೆ ಇದು ಸಾಕು. ಇ-ವೀಸಾ ಆದರೆ ಮನೆಯಿಂದಲೇ ಅರ್ಜಿ ಹಾಕಬಹುದು. ಆದರೆ ಇ-ವೀಸಾವನ್ನು ಇಲ್ಲಿ ಬೇರೆ ಬಗೆಗೆ ಮಾರ್ಪಡಿಸಲಾಗದು. ನಂಟನಂತೆ ಬಂದು ನಂಟನಂತೆ ಹೋಗುವವರಿಗೆ ಇದು ತಕ್ಕದ್ದೇ ಹೊರತು ಬಾಳಲು ಬರುವವರಿಗಲ್ಲ.

ಎರಡನೆಯದು ಎಂಟ್ರಿ ವೀಸಾ. ಅದನ್ನು ‘ಎಕ್ಸ್’ ವೀಸಾ ಎಂದೂ ಕರೆಯುತ್ತಾರೆ. ಭಾರತೀಯ ಪ್ರಜೆಯ ಪತಿಗೋ ಪತ್ನಿಗೋ ಹೇಳಿಮಾಡಿಸಿದ್ದು ಇದೇ. ಹೊರಡುವ ಮೊದಲೇ ಅಲ್ಲಿಯ ಭಾರತೀಯ ರಾಯಭಾರ ಕಚೇರಿಯ ಮೂಲಕ ಪಡೆಯಬೇಕು. ಮದುವೆಯ ಪ್ರಮಾಣಪತ್ರ, ಭಾರತೀಯ ಸಂಗಾತಿಯ ಪಾಸ್‌ಪೋರ್ಟಿನ ಪ್ರತಿ ಮುಖ್ಯ. 180 ದಿನಕ್ಕೂ ಮೀರಿದ ಅವಧಿಯ ಇಂಥ ವೀಸಾದ ಮೇಲೆ ಬಂದು ದೀರ್ಘಕಾಲ ಇರುವವರು ನಿಯಮದ ಗಡುವಿನೊಳಗೆ ಎಫ್.ಆರ್.ಆರ್.ಓ., ಎಂದರೆ ವಿದೇಶೀಯರ ನೋಂದಣಿ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು. ನಮಗೆ ಅದು ಬೆಂಗಳೂರಿನಲ್ಲಿದೆ. ಅರ್ಜಿಯನ್ನು ಅಂತರ್ಜಾಲದ ಮೂಲಕವೇ ಹಾಕಬಹುದು. ಅವಧಿ ಮುಗಿಯುವ ಮುನ್ನ ಅಲ್ಲಿಯೇ ಮುಂದುವರಿಸಿಕೊಳ್ಳಬಹುದು. ಒಂದು ಮಾತು ನೆನಪಿರಲಿ: ಇದು ಕುಟುಂಬದೊಡನೆ ಇರಲು ಕೊಟ್ಟ ಅನುಮತಿ, ಸಂಬಳದ ಕೆಲಸಕ್ಕೆ ಕೊಟ್ಟದ್ದಲ್ಲ. ಕೆಲಸಕ್ಕೆ ಸೇರುವ ಮುನ್ನ ಕೇಳಿ ತಿಳಿಯಬೇಕು.

ಮೂರನೆಯದು ಓ.ಸಿ.ಐ. ಕಾರ್ಡು. ಮದುವೆ ನೋಂದಣಿಯಾಗಿ, ಅರ್ಜಿಗೆ ಮೊದಲು ಎರಡು ವರ್ಷ ದಾಂಪತ್ಯ ಎಡೆಬಿಡದೆ ನಡೆದಿದ್ದರೆ ಇದಕ್ಕೆ ಅರ್ಜಿ ಹಾಕಬಹುದು. ತಾನಾಗಲಿ, ತಂದೆತಾಯಿ, ಅಜ್ಜ ಅಜ್ಜಿ, ಮುತ್ತಜ್ಜಂದಿರಾಗಲಿ ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪ್ರಜೆಗಳಾಗಿದ್ದವರಿಗೆ ಇದು ದೊರೆಯದು. ಕಾರ್ಡು ಕೈಗೆ ಬಂದರೆ ಜೀವಮಾನವಿಡೀ ಬಂದು ಹೋಗಬಹುದು, ನೋಂದಣಿಯ ಓಡಾಟವಿಲ್ಲ, ಉದ್ಯೋಗಕ್ಕೂ ಸಾಮಾನ್ಯವಾಗಿ ಅಡ್ಡಿಯಿಲ್ಲ. ಸುದ್ದಿಗಾರಿಕೆ, ಸಂಶೋಧನೆ, ಧರ್ಮಪ್ರಚಾರ, ಪರ್ವತಾರೋಹಣ ಮುಂತಾದವಕ್ಕೆ ಮಾತ್ರ ವಿಶೇಷ ಅನುಮತಿ ಬೇಕು. ಹೆಸರಿನಲ್ಲಿ ‘ಸಿಟಿಜನ್’ ಎಂದಿದ್ದರೂ ಇದು ಪೌರತ್ವವಲ್ಲ. ಮತದಾನವಿಲ್ಲ, ಹೊಲಗದ್ದೆ ಕೊಳ್ಳುವಂತಿಲ್ಲ. ವಿವಾಹ ವಿಚ್ಛೇದನವಾದರೆ ಕಾರ್ಡೂ ಹೋಗಬಹುದು. ಪ್ರವಾಸಿ ವೀಸಾದ ಮೇಲೆ ಬಂದವರು ಭಾರತದಲ್ಲಿದ್ದುಕೊಂಡು ಇದಕ್ಕೆ ಅರ್ಜಿ ಹಾಕಲಾಗದು ಎಂಬುದನ್ನು ಅನೇಕರು ಮರೆಯುತ್ತಾರೆ.

ಕೊನೆಯದು ಪೌರತ್ವ. 1955ರ ಪೌರತ್ವ ಕಾಯಿದೆಯಂತೆ, ಭಾರತೀಯರನ್ನು ಮದುವೆಯಾಗಿ ಏಳು ವರ್ಷ ಇಲ್ಲಿ ನೆಲಸಿದವರು ನೋಂದಣಿಗೆ ಅರ್ಜಿ ಹಾಕಬಹುದು. ಆದರೆ ಎರಡು ದೇಶಗಳ ಪೌರತ್ವ ಏಕಕಾಲಕ್ಕೆ ನಮ್ಮಲ್ಲಿಲ್ಲ. ತೌರಿನ ದೇಶದ ಹಕ್ಕನ್ನು ಬಿಟ್ಟುಕೊಡಬೇಕು. ಇದನ್ನು ಅತ್ತೆ ಮಾವಂದಿರು ಒತ್ತಾಯಿಸಬಾರದು. ಬಂದವರೇ ಮನಸಾರೆ ನಿರ್ಧರಿಸಬೇಕು.

ಇನ್ನೆರಡು ವ್ಯಾವಹಾರಿಕ ಮಾತು. ನಮ್ಮವರ ಹೆಸರಿನಲ್ಲಿ ಊರು, ತಂದೆಯ ಹೆಸರು ಇನಿಷಿಯಲ್‌ಗಳಾಗಿ ಕುಳಿತಿರುತ್ತವೆ. ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿದ್ದು, ಮದುವೆಯ ಪತ್ರದಲ್ಲಿ ಒಂದೇ ಅಕ್ಷರ. ನಮಗೆ ಇಬ್ಬರೂ ಒಬ್ಬನೇ. ಕಚೇರಿಗೆ ಇಬ್ಬರು ಬೇರೆ ಬೇರೆ. ಮೊದಲೇ ಹೊಂದಿಸಿಕೊಳ್ಳಿ. ಇಲ್ಲಿಯೇ ಮದುವೆಯಾಗುವುದಾದರೆ 1954ರ ವಿಶೇಷ ವಿವಾಹ ಕಾಯಿದೆಯಲ್ಲಿ, ಇಬ್ಬರಲ್ಲೊಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದ ಮೇಲೆ ನೋಟೀಸು ಕೊಡಬೇಕು. ಅನಂತರ ಮತ್ತೆ 30 ದಿನ ಕಾಯಬೇಕು. 30 ದಿನದ ವೀಸಾ ಹಿಡಿದು ಬಂದರೆ ಮುಹೂರ್ತಕ್ಕೆ ಮೊದಲೇ ವೀಸಾ ಮುಗಿದೀತು. ಸೊಸೆಗೆ ಹೇಳಿದ್ದೆಲ್ಲ ಅಳಿಯನಿಗೂ ಸಲ್ಲುತ್ತದೆ. ಕಾಯಿದೆಯಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ.

ನಿಯಮಗಳು ಬದಲಾಗುತ್ತಿರುತ್ತವೆ. 2025ರ ಸೆಪ್ಟೆಂಬರಿನಿಂದ ವಿದೇಶೀಯರ ಬಗ್ಗೆ ಹೊಸ ಕಾಯಿದೆಯೇ ಜಾರಿಗೆ ಬಂದಿದೆ. ಆದ್ದರಿಂದ ದಲ್ಲಾಳಿಯ ಮಾತನ್ನೋ ನನ್ನಂಥ ಮೇಷ್ಟರ ಮಾತನ್ನೋ ನಂಬಿ ಕೂರದೆ, ಸರ್ಕಾರದ ಪ್ರಕಟಣೆಯನ್ನು ನೋಡಿಯೇ ಹೆಜ್ಜೆಯಿಡಿ. ಯಾವುದು ಸುಲಭ ಎಂದು ಕೇಳಬೇಡಿ. ‘ನಾವು ಎಷ್ಟು ಕಾಲ ಜೊತೆಗಿರಬೇಕೆಂದಿದ್ದೇವೆ?’ ಎಂದು ಕೇಳಿಕೊಳ್ಳಿ. ಉತ್ತರ ಅದರಲ್ಲಿಯೇ ಇದೆ.

ನನ್ನ ಗೆಳೆಯರ ಸೊಸೆ ಮುಂದೆ ಎಂಟ್ರಿ ವೀಸಾ ಪಡೆದು ಬಂದಳು. ಈಗ ಅತ್ತೆಯೊಡನೆ ಇದ್ದಾಳೆ, ಕನ್ನಡ ಕಲಿಯುತ್ತಿದ್ದಾಳೆ. ಪಾಠ ಹೇಳುವವನು ನಾನೇ. ‘ಮಾವಯ್ಯ’ ಎಂಬ ಮಾತನ್ನು ಮಾತ್ರ ನಾನು ಕಲಿಸಬೇಕಾಗಲಿಲ್ಲ.